ಬಾಯವ್ವನ ಮಗ್ಗಲಿಗೆ

ಫೋನು ಬಂದಾಗ ಗುರುಬಸವ್ವ ಕುರ್ಚಿಯ ಮೇಲೆ ಕೂತು ಮೆಂತೆಸೊಪ್ಪು ಸೋಸುತ್ತಿದ್ದಳು. ಐದು ವಾರದಿಂದ ಬೈಲಹೊಂಗಲದ ಆ ಮನೆಯಲ್ಲಿ ಅವಳ ಪಾಲಿಗೆ ಉಳಿದಿದ್ದ ಕೆಲಸಗಳು ಇಂಥವೇ, ಕೂತಲ್ಲಿಂದ ಏಳದೆ, ಬಾಗದೆ, ಯಾರಾದರೂ ಮಡಿಲಿಗೆ ತಂದು ಹಾಕಿದರೆ ಮಾಡುವಂಥವು. ಆಪರೇಷನ್ ಆದ ಎಡಗಾಲು ತೊಡೆಯಿಂದ ಮೀನಖಂಡದವರೆಗೆ ಕರಿಯ ಬೆಲ್ಟಿನೊಳಗೆ ಬಿಗಿದುಕೊಂಡು, ಎದುರಿನ ಸ್ಟೂಲಿನ ಮೇಲೆ, ಮುನಿಸಿಕೊಂಡು ಕೂತ ಬೀಗರ ಹಾಗೆ ನೆಟ್ಟಗೆ ಚಾಚಿತ್ತು. ಫೋನಿನಲ್ಲಿ ಸಿರಸಂಗಿಯಿಂದ ಶಿವಲಿಂಗ, ದೊಡ್ಡವ್ವ ಬಾಯವ್ವನ ಮಗ. ಅಕ್ಕಾ ಅಂದ, ಅವ್ವ ಹೋದಳು ಅಂದ. ರಾತ್ರಿ ಉಂಡು ಮಲಗಿದವಳು ಬೆಳಿಗ್ಗೆ ಏಳಲಿಲ್ಲವಂತೆ. ಮೂರು ಗಂಟೆಗೆ ಮಣ್ಣು ಮಾಡುವುದು. ಗುರುಬಸವ್ವ ಹೂಂ ಅಂದಳು. ಫೋನು ಇಟ್ಟಾಗ ಮೊರದಲ್ಲಿ ಇನ್ನೂ ಅರ್ಧ ಸಿವುಡು ಸೊಪ್ಪು ಉಳಿದಿತ್ತು. ಅವಳು ಅದನ್ನು ಸೋಸಿ ಮುಗಿಸಿದಳು. ಒಂದೊಂದೇ ಕಡ್ಡಿ ಹಿಡಿದು, ಹಳದಿಯಾದ ಎಲೆ ಬೇರೆ, ಬೇರು ಬೇರೆ, ಹಸಿರು ಬೇರೆ. ಮಗಳು ಪೂನಮ್ ಹೆರಳು ಹಾಕಿಕೊಳ್ಳುತ್ತ ಬಂದು ಯಾರ ಫೋನು ಎಂದು ಕೇಳಿದಾಗ, ನಿನಗೆ ಪ್ರಾಕ್ಟಿಕಲ್ ಪರೀಕ್ಷೆ ಇದೆ, ಮೊದಲು ಉಣ್ಣು ಎಂದಳು. ಮಗಳು ಎರಡನೇ ರೊಟ್ಟಿ ಮುರಿಯುವಾಗ ಹೇಳಿದಳು. ಪೂನಮ್ ತಾಟು ಸರಿಸಿ ತಾಯಿಯ ಮುಖ ನೋಡಿದಳು. ಆ ಮುಖದ ಮೇಲೆ ಏನು ಹುಡುಕುತ್ತಿದ್ದಾಳೆ ಎಂಬುದು ಗುರುಬಸವ್ವನಿಗೆ ಗೊತ್ತಿತ್ತು. ಅದು ಅಲ್ಲಿ ಇರಲಿಲ್ಲ. ಏಳು ವರ್ಷದವಳಿದ್ದಾಗ ತಾಯಿ ತೀರಿದ ಮೇಲೆ ಅವಳನ್ನು ಬೆಳೆಸಿದ್ದು ಈ ಬಾಯವ್ವ. ತಾಯಿಯ ಅಕ್ಕ. ಅವಳು ಸತ್ತ ಸುದ್ದಿ ಕೇಳಿ ಮೆಂತೆಸೊಪ್ಪು ಸೋಸಿ ಮುಗಿಸುವ ಹೆಂಗಸು ಎಂಥವಳಿರಬಹುದು ಎಂದು, ತನ್ನನ್ನಲ್ಲ, ಇನ್ಯಾರನ್ನೋ ನೋಡುವ ಹಾಗೆ ಗುರುಬಸವ್ವ ನೋಡಿಕೊಂಡಳು.

ಹದಿನಾರು ದಿನದ ಹಿಂದೆ ಬಾಯವ್ವ ಇದೇ ಕೋಣೆಯಲ್ಲಿ ಕೂತಿದ್ದಳು. ಎರಡು ಬಸ್ಸು ಬದಲಿಸಿ, ಆಧಾರ್ ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಡಬ್ಬಿಯ ತುಂಬ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿಹಿಂಡಿ ಕುಟ್ಟಿಕೊಂಡು ಬಂದಿದ್ದಳು. ಕಂಡಕ್ಟರ್ ಫೋಟೋ ನೋಡಿ ಇದು ನೀನೇನಾ ಮುದುಕಿ ಅಂತ ಕೇಳಿದ, ಅಲ್ಲ ನನ್ನ ಸೊಸಿ ಅಂದೆ ಎಂದು ಹೇಳಿ ತಾನೇ ನಕ್ಕಳು. ಪೂನಮ್ ಚಾಪೆ ಹಾಸುವ ಮೊದಲೇ ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಗುರುಬಸವ್ವ ಮೇಲೆ, ಕೈಗಳಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಅಲ್ಲಿಂದ ದೊಡ್ಡವ್ವನ ನಡುನೆತ್ತಿ ಕಾಣುತ್ತಿತ್ತು, ಬೈತಲೆ ಅಗಲವಾಗಿ ಚರ್ಮ ಹೊಳೆಯುವ ಜಾಗ. ಹುಟ್ಟಿದಾಗಿನಿಂದ ಅವಳು ಕಂಡಿರದ ಜಾಗ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗುರುಬಸವ್ವ ಹಿರಿಯರ ಎದುರಿಗೆ ಕುರ್ಚಿಯ ಮೇಲೆ ಕೂತವಳಲ್ಲ. ಅತ್ತೆ ಇರುವವರೆಗೂ ಅಡುಗೆಮನೆಯ ಹೊಸ್ತಿಲ ಒಳಗೇ, ಒಂದು ಮೊಣಕಾಲು ಎತ್ತಿಕೊಂಡು ಕೂತು ರೊಟ್ಟಿ ಬಡಿದದ್ದು, ಅಲ್ಲೇ ಉಂಡದ್ದು, ಅಲ್ಲೇ ಕಾಳು ಹಸನು ಮಾಡಿದ್ದು. ನೆಲ ಅನ್ನುವುದು ಅವಳಿಗೆ ಇನ್ನೊಂದು ಸೀರೆಯ ಹಾಗೆ ಮೈಗೆ ಹತ್ತಿಕೊಂಡಿತ್ತು. ಈಗ ನೋಡಿದರೆ ನೆಲ ದೂರ, ಬಾವಿಯೊಳಗಿನ ನೀರಿನಷ್ಟು ದೂರ. ಬಾಯವ್ವ ಚಹಾ ಕುಡಿದಳು, ಹುಡುಗಿಯ ಓದು ಕೇಳಿದಳು, ಪೂನಮ್ ಹೊರಗೆ ಹೋದ ಮೇಲೆ ಹಾಸುಗಲ್ಲನ್ನು ಅಂಗೈಯಿಂದ ಸವರಿ, "ಗುರವ್ವಾ, ಒಂಚೂರು ಕೆಳಗ ಬಾ. ನಿನ್ನ ಕೂಡ ಮಾತಾಡೂದೈತಿ" ಅಂದಳು.

"ಡಾಕ್ಟರ್ ಕೆಳಗ ಕುಂಡ್ರಬ್ಯಾಡಂದಾರ ದೊಡವ್ವಾ."

"ಹೌದಲ್ಲ. ನೀ ಅಲ್ಲೇ ಕುಂಡ್ರು ಮತ್ತ."

ಅಷ್ಟೇ. ಆಮೇಲೆ ಮಾತು ಕಡಲೆಯ ಬೆಳೆ, ಶಿವಲಿಂಗನ ಹೆಂಡತಿ ಭಾಗೀರಥಿಯ ತವರು, ಯಾರದೋ ಮದುವೆ ಅಂತ ಸುತ್ತಿ ಸುತ್ತಿ ಮುಗಿಯಿತು. ನಾಲ್ಕು ಗಂಟೆಯ ಬಸ್ಸಿಗೆ ಬಾಯವ್ವ ಎದ್ದಳು. ಗೋಡೆಯ ಕಡೆ ತಿರುಗಿ, ಎರಡೂ ಅಂಗೈ ಗೋಡೆಗೆ ಊರಿ, ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಚೀಲ ಎಲ್ಲಿಟ್ಟೆ ಎಂದು ನೆನೆಯುತ್ತಿರಬೇಕು ಅಂದುಕೊಂಡಿದ್ದಳು ಗುರುಬಸವ್ವ. ಬಸ್ಸು ಹೋಗಿರಬೇಕು ಅನ್ನುವ ಹೊತ್ತಿಗೆ ಒಳಕೋಣೆಯ ಮಂಚ ನೆನಪಾಯಿತು. ಇಬ್ಬರೂ ಮಂಚದ ಅಂಚಿಗೆ ಕೂಡಬಹುದಿತ್ತು, ಒಂದೇ ಎತ್ತರಕ್ಕೆ. ಬಸ್ಸು ಹೋದ ಮೇಲೆಯೇ ನೆನಪಾಯಿತು ಎಂದು ಹದಿನಾರು ದಿನ ತನಗೆ ತಾನೇ ಹೇಳಿಕೊಂಡಿದ್ದಳು.

ಹಾಲಿನ ಮೇಲೆ ಕೆನೆ ಕಟ್ಟುವುದನ್ನು ನೋಡಿದ್ದೀರಲ್ಲ ತಾಯಿ, ಅಂದಿದ್ದರು ಬೆಳಗಾವಿಯ ಡಾಕ್ಟರು. ಮೊಣಕಾಲಿನ ಒಳಗಿನ ಗಾದಿ ಒಂದು ಕಡೆ ಕಿತ್ತು ಎಲುಬು ಬರಿದಾಗಿತ್ತು. ಅಲ್ಲಿ ಸೂಜಿಮೊನೆಯಷ್ಟು ತೂತು ಹಾಕಿದ್ದೇವೆ, ಒಸರಿದ ರಕ್ತ ನಿಧಾನಕ್ಕೆ ಹೆಪ್ಪುಗಟ್ಟಿ ಹೊಸ ಗಾದಿಯಾಗಬೇಕು. ಆರು ವಾರ ಆ ಕಾಲಿನ ಮೇಲೆ ಭಾರ ಬೀಳಬಾರದು, ನಾಲ್ಕು ತಿಂಗಳು ನೆಲಕ್ಕೆ ಕೂಡುವ ಮಾತೇ ಇಲ್ಲ. ಕೆನೆ ಒಡೆದರೆ ಎರಡನೇ ಸಲ ಇಷ್ಟು ಚೆಂದ ಕಟ್ಟುವುದಿಲ್ಲ. ಮಾಳಿಗೆಯ ಮೆಟ್ಟಿಲಿಳಿಯುವಾಗ ಸಂಡಿಗೆಯ ತಟ್ಟೆ ಉಳಿಸಲು ಹೋಗಿ ಕಾಲು ತಿರುವಿಕೊಂಡವಳು ಅವಳು, ಅವಳಿಗೆ ಈ ಮಾತು ತಟ್ಟನೆ ಅರ್ಥವಾಯಿತು. ಅಂದಿನಿಂದ ದಿನಕ್ಕೆ ಎಷ್ಟೋ ಸಲ ಅವಳು ಆ ಹಾಲಿನ ಪಾತ್ರೆಯನ್ನು ಒಳಗೊಳಗೇ ನೋಡುತ್ತಾಳೆ, ಅಲುಗದೆ, ಉಸಿರು ಬಿಗಿಹಿಡಿದು. ಗಂಡ ನಿಜಗುಣಪ್ಪ ಬೀಜದ ಅಂಗಡಿಯಿಂದ ಮಧ್ಯಾಹ್ನ ಬಂದವನು, ಅಧ್ಯಕ್ಷರು ಎಲ್ಲಿ ಕುಂತಿದ್ದರೋ ಅಲ್ಲೇ ಅದಾರ ಎಂದು ನಗುತ್ತಾನೆ. ಕೆಟ್ಟ ನಗೆಯಲ್ಲ ಅದು. ತನ್ನ ತಾಟು ತಾನೇ ತೊಳೆಯಲು ಕಲಿತಿದ್ದಾನೆ. ಆದರೆ ಕೂಡುವ ಕಮೋಡಿನ ಕುರ್ಚಿಯನ್ನು ಬಚ್ಚಲಿಗೆ ಇಡುವುದು, ಅದರಿಂದ ಅವಳನ್ನು ಎಬ್ಬಿಸುವುದು, ಸೀರೆಯ ನೆರಿಗೆ ಸರಿಪಡಿಸುವುದು ಮಗಳ ಕೆಲಸ. ಮೊದಲ ವಾರ ಪೂನಮ್ ಮೈ ತೊಳೆಸುವಾಗ ತಾಯಿ ಕಣ್ಣು ಮುಚ್ಚಿಕೊಂಡಿದ್ದಳು. ಎರಡನೇ ವಾರ ಪೂನಮ್ ಬೆನ್ನು ತಿಕ್ಕುತ್ತ, ನಾನು ಸಣ್ಣಾಕಿ ಇದ್ದಾಗ ಅಳತಿದ್ದೆನಾ ಎಂದು ಕೇಳಿದಳು. ಮೂರನೇ ವಾರದಿಂದ ಇಬ್ಬರೂ ಮಾತಾಡುವುದಿಲ್ಲ, ನೀರಿನ ಸಪ್ಪಳ ಮಾತ್ರ. ಆ ಹುಡುಗಿಯ ಕೈ ಮೃದುವಾಗಿದೆ. ಅಷ್ಟು ಮೃದುವಾಗಿ ತಾನು ಯಾರನ್ನಾದರೂ ಮುಟ್ಟಿದ್ದೆನೇ ಎಂದು ಗುರುಬಸವ್ವ ನೆನೆಸಿಕೊಳ್ಳಲು ನೋಡುತ್ತಾಳೆ, ತನ್ನ ಮಗಳನ್ನು ಬಿಟ್ಟು ಬೇರೆ ಯಾರನ್ನೂ ಇಲ್ಲ.

ಸುದ್ದಿ ತಿಳಿದ ನಿಜಗುಣಪ್ಪ ಬಾಡಿಗೆಯ ಕಾರು ಹೇಳಿ ಬಂದಿದ್ದ, ಆದರೆ ತನಗೊಬ್ಬನಿಗೇ ಎಂದು. ನೀನು ಹೇಗೆ ಬರುತ್ತೀ, ಸತ್ತವರ ಮನೆ, ಮಂದಿ ತುಳಿದಾಡುತ್ತಾರೆ, ನಿನ್ನ ಕಾಲಿನ ವಿಷಯ ಎಲ್ಲರಿಗೂ ಗೊತ್ತಿದೆ, ಯಾರೂ ತಪ್ಪು ತಿಳಿಯುವುದಿಲ್ಲ. ಯಾರೂ ತಪ್ಪು ತಿಳಿಯುವುದಿಲ್ಲ ಎಂಬ ಮಾತೇ ಅವಳನ್ನು ಎಬ್ಬಿಸಿತು. ಬರತೇನಿ ಅಂದಳು. ಕಾರಿನ ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿ, ಬಾಗಿಲಿಗೆ ಬೆನ್ನು ಒರಗಿಸಿ ಕೂತು ಹೋದಳು. ಹಾಗೆ ಕೂತವರಿಗೆ ದಾರಿ ಅಡ್ಡಡ್ಡ ಹರಿಯುತ್ತದೆ. ಸವದತ್ತಿ ದಾಟಿದ ಮೇಲೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು, ನಡುನಡುವೆ ಕುಸುಬೆಯ ಸಾಲು. ಚಕ್ರ ಗುಂಡಿಗೆ ಬಿದ್ದಾಗಲೆಲ್ಲ ಅವಳು ಎರಡೂ ಕೈಯಿಂದ ಮೊಣಕಾಲು ಹಿಡಿಯುತ್ತಿದ್ದಳು. ಹಿಡಿದಾಗಲೆಲ್ಲ ನಾಚಿಕೆಯಾಗುತ್ತಿತ್ತು. ದೊಡ್ಡವ್ವನ ಹೆಣ ನೋಡಲು ಹೋಗುತ್ತಿದ್ದೇನೆ, ನನ್ನ ಕೈ ನನ್ನ ಕಾಲನ್ನೇ ಹಿಡಿದಿದೆ. ಅಳು ಬರುತ್ತದೆ, ಆ ಮನೆಯ ಬಾಗಿಲು ಕಂಡರೆ ಬರುತ್ತದೆ ಎಂದುಕೊಂಡಳು. ಸತ್ತವರ ಮನೆಗೆ ಹೋದ ಹೆಂಗಸು ಬಾಗಿಲಲ್ಲೇ ದನಿ ಎತ್ತಬೇಕು. ಒಳಗಿನವರು ಅದಕ್ಕೆ ದನಿ ಕೂಡಿಸಬೇಕು. ಆಮೇಲೆ ನೆಲಕ್ಕೆ ಕುಸಿದು ಒಬ್ಬರ ಕೊರಳಿಗೆ ಒಬ್ಬರು ಬಿದ್ದು, ಸತ್ತವರು ಮಾಡಿದ ಒಂದೊಂದು ಒಳ್ಳೆಯ ಕೆಲಸವನ್ನೂ ಹಾಡಿಕೊಂಡು ಅಳಬೇಕು. ಬಾಯವ್ವ ಹಾಡಿ ಅಳುವುದಕ್ಕೆ ಹೆಸರಾದವಳು. ಗುರುಬಸವ್ವನ ತಾಯಿ ಸತ್ತಾಗ ಅವಳು ಹಾಡಿದ್ದನ್ನು ಕೇಳಿ ಗಂಡಸರೂ ಎದ್ದು ಹೊರಗೆ ಹೋಗಿದ್ದರಂತೆ.

ವಾಕರಿನ ನಾಲ್ಕು ಕಾಲು ಕಲ್ಲಿನ ಮೇಲೆ ಟಕ್ ಟಕ್ ಎಂದು ಊರುತ್ತ ಪಡಸಾಲೆಗೆ ಬಂದಾಗ ಆಗಿದ್ದೇ ಬೇರೆ. ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿ ದಾರಿ ಬಿಟ್ಟರು. ಅಯ್ಯ ಸಾವಕಾಶ, ಅಲ್ಲಿ ತಂಬಿಗೆ ಐತಿ ನೋಡು, ಕಾಲ ಸರಿಸ್ರೇ ನೀವು ಎಂದು ನಾಲ್ಕು ದನಿ. ದನಿ ಎತ್ತುವ ಬದಲು ಅವಳು ತಂಬಿಗೆ ತಪ್ಪಿಸಿ ವಾಕರ್ ಊರಿದಳು. ಎರಡೂ ಕೈ ವಾಕರಿನ ಮೇಲಿರುವಾಗ ಹೆಂಗಸು ಎದೆ ಹೇಗೆ ಬಡಿದುಕೊಳ್ಳಬೇಕು. ಎದುರಿಗೆ ಗೋಡೆಗೆ ಒರಗಿಸಿ ಬಾಯವ್ವನನ್ನು ಕೂರಿಸಿದ್ದರು. ಅವರ ಪೈಕಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಚಕ್ಕಳಮಕ್ಕಳ ಹಾಕಿಸಿ ಪೂಜೆಗೆ ಕೂತವರಂತೆ ಕೂರಿಸುತ್ತಾರೆ, ಕುಣಿಯಲ್ಲೂ ಹಾಗೇ. ತಲೆ ವಾಲದಂತೆ ಬಿಳಿಯ ಬಟ್ಟೆಯನ್ನು ಗದ್ದಕ್ಕೆ ಸುತ್ತಿ ಮೇಲಿನ ಮೊಳೆಗೆ ಬಿಗಿದಿದ್ದರು. ಅಂಗೈಯಲ್ಲಿ ಲಿಂಗ. ಮಡಿಲು ತುಂಬ ಚೆಂಡುಹೂವು. ಹೂವಿನ ಕೆಳಗೆ ಎರಡು ಮೊಣಕಾಲೂ ಹಸಿರು ಸೀರೆಯೊಳಗೆ ಮಡಚಿಕೊಂಡು ಎರಡು ಪಕ್ಕಕ್ಕೆ ಎದ್ದು ಕಾಣುತ್ತಿದ್ದವು. ಗುರುಬಸವ್ವ ಮೊದಲು ನೋಡಿದ್ದು ದೊಡ್ಡವ್ವನ ಮುಖವನ್ನಲ್ಲ, ಆ ಮೊಣಕಾಲುಗಳನ್ನು. ಎಷ್ಟು ಸಲೀಸಾಗಿ ಕೂತಿದ್ದಾಳೆ ಎಂದುಕೊಂಡಳು. ಅದು ಹೊಟ್ಟೆಕಿಚ್ಚು ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

ಶಿವಲಿಂಗ ಎಲ್ಲಿಂದಲೋ ಕುರ್ಚಿ ತಂದ. ಅಕ್ಕಾ ಕುಂಡ್ರು, ನಿಂತು ಕಾಲು ಕೆಡಿಸಿಕೋಬ್ಯಾಡ ಎಂದು ದೊಡ್ಡವ್ವನ ಎಡಕ್ಕೆ, ಗೋಡೆಗೆ ಹತ್ತಿಸಿ ಇಟ್ಟ. ಕಾಲು ಚಾಚಲು ಅದೊಂದೇ ಕಡೆ ತೆರವಿತ್ತು. ಅವನು ಒಳ್ಳೆಯ ಮನಸ್ಸಿನಿಂದ ಮಾಡಿದ, ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಹಾಗಾಗಿ ಅಷ್ಟು ಮಂದಿ ನೆಲದ ಮೇಲೆ, ಸತ್ತವಳು ನೆಲದ ಮೇಲೆ, ಗುರುಬಸವ್ವ ಒಬ್ಬಳು ಎಲ್ಲರ ತಲೆಗಿಂತ ಮೇಲೆ, ಸಭೆಯ ಮುಖ್ಯ ಅತಿಥಿಯ ಹಾಗೆ. ಬಂದವರು ಬಾಗಿ ಬಾಯವ್ವನ ಪಾದದ ಕಡೆಗೆ ಹೂ ಹಾಕಿ, ತಲೆ ಎತ್ತಿದರೆ ಎದುರಿಗೆ ಅವಳ ಬೆಲ್ಟು ಹಾಕಿದ ಕಾಲು. ಕೆಲವರು ಅಳು ನಿಲ್ಲಿಸಿ, ಎಷ್ಟು ಖರ್ಚಾಯಿತು, ಸ್ಕ್ರೂ ಹಾಕ್ಯಾರೇನು ಎಂದು ಮೆಲ್ಲಗೆ ಕೇಳಿ ಮತ್ತೆ ಅಳು ಮುಂದುವರಿಸಿದರು. ಕಣ್ಣು ಮಂಜಾದ ಮುದುಕಿಯೊಬ್ಬಳು ಮೊಮ್ಮಗಳ ಕೈ ಹಿಡಿದು ಬಂದಳು. ತಡವರಿಸಿ ಗುರುಬಸವ್ವನ ಪಾದವನ್ನು ಹಿಡಿದು ಹಣೆ ಹಚ್ಚಿದಳು. ಬಾಯವ್ವಾ ನನಗಿಂತ ಮೊದಲು ಹೋದೆಯಾ ಎಂದು ದನಿ ತೆಗೆದಳು. ಮೊಮ್ಮಗಳು, ಆಕಿ ಅಲ್ಲ ಆಯಿ, ಈಕಿ ಜೀವಂತ ಅದಾಳ ಎಂದು ಎಳೆದಳು. ಹೆಂಗಸರಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿಕೊಂಡರು. ನಗೆ ಹರಿದಾಡಿ ಅಡಗಿತು. ಗುರುಬಸವ್ವನ ಪಾದದ ಮೇಲೆ ಒಂದು ಚೆಂಡುಹೂವು ಉಳಿಯಿತು. ಅದನ್ನು ತೆಗೆಯಲು ಅವಳಿಗೆ ಬಾಗಲು ಬರುವುದಿಲ್ಲ.

ಏಳು ವರ್ಷದ ಗುರುಬಸವ್ವನನ್ನು ಬಾಯವ್ವ ತೊಡೆಯ ಮೇಲೆ ಕೂರಿಸಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಬಡಿದ ಹಾಗೆಲ್ಲ ತೊಡೆ ಅದುರಿ, ಆ ಅದುರಿಗೆ ಹುಡುಗಿಗೆ ನಿದ್ದೆ ಬರುತ್ತಿತ್ತು. ನಿದ್ದೆ ಬಂದರೆ ಬಾಯವ್ವ ಎದ್ದು ಮಲಗಿಸುತ್ತಿರಲಿಲ್ಲ. ರೊಟ್ಟಿ ಮುಗಿಯುವ ತನಕ, ಕಾಲು ಜೋಮು ಹಿಡಿದರೂ, ಹಾಗೇ. ಏಳುವಾಗ ಗೋಡೆ ಹಿಡಿದು ಅಯ್ಯಯ್ಯೋ ಎನ್ನುತ್ತಿದ್ದಳು, ನಗುತ್ತ. ಆ ತೊಡೆ ಈಗ ಒಂದು ಮೊಳ ದೂರದಲ್ಲಿ, ಹೂವಿನ ಕೆಳಗಿದೆ. ಅಂದು ಅವಳು ಹಾಸುಗಲ್ಲು ಸವರಿ ಕೆಳಗೆ ಬಾ ಅಂದಾಗ ಗುರುಬಸವ್ವನಿಗೆ ಮಂಚ ನೆನಪಿತ್ತು. ಆಗಲೇ ನೆನಪಿತ್ತು. ಪೂನಮ್‌ಳನ್ನು ಕರೆದು ವಾಕರ್ ತಾ ಅಂದಿದ್ದರೆ ಹತ್ತು ಹೆಜ್ಜೆ. ಅವಳು ಅನ್ನಲಿಲ್ಲ. ಆಪರೇಷನ್ ಆದ ಮೇಲೆ ಮೊದಲ ಸಲ ಆ ಮಧ್ಯಾಹ್ನ ನೋವಿಲ್ಲದೆ, ಬಿಸಿಲು ಬೆನ್ನಿಗೆ ಬಿದ್ದು, ಮೈ ಸಡಿಲಾಗಿತ್ತು. ತಾನು ಮೇಲೆ ಕೂತಿರುವುದು, ಬಂದವರು ಕೆಳಗೆ ಕೂತು ತಲೆ ಎತ್ತಿ ಮಾತಾಡಿಸುವುದು, ಯಾರ ಕೆಲಸಕ್ಕೂ ಏಳಬೇಕಾಗಿಲ್ಲದಿರುವುದು, ಅದರ ರುಚಿ ಹತ್ತಿತ್ತು. ದೊಡ್ಡವ್ವ ಏನೋ ಕೇಳಲು ಬಂದಿದ್ದಾಳೆ, ಕೇಳಿದರೆ ಏನಾದರೂ ಮಾಡಬೇಕಾಗುತ್ತದೆ ಎಂದು ಅನ್ನಿಸಿತ್ತು. ಡಾಕ್ಟರ ಹೆಸರು ಬಾಯಿಗೆ ಸುಲಭವಾಗಿ ಬಂತು.

ಹೊರಗೆ ಬಿದಿರು ಸೀಳುವ ಸಪ್ಪಳ. ಹೆಣವನ್ನು ಕೂರಿಸಿ ಒಯ್ಯುವ ವಿಮಾನ ಕಟ್ಟುತ್ತಿದ್ದರು. ಇನ್ನೊಂದು ತಾಸು, ಹೆಚ್ಚೆಂದರೆ. ಗುರುಬಸವ್ವ ಭಾಗೀರಥಿಯನ್ನು ಕರೆದು, ನನ್ನನ್ನು ಕೆಳಗೆ ಇಳಿಸಿರಿ ಅಂದಳು. ಭಾಗೀರಥಿ ಅತ್ತು ಅತ್ತು ಬಾತ ಕಣ್ಣಿನಿಂದ ನಿಜಗುಣಪ್ಪನನ್ನು ಹುಡುಕಿದಳು. ಅವನು ಬಾಗಿಲಿಗೆ ಬಂದ.

"ತಲಿ ಸರಿ ಐತಿಲ್ಲ ನಿನ್ನ? ಡಾಕ್ಟರ್ ಏನ್ ಹೇಳ್ಯಾರ?"

"ಕಾಲ ಮಡಚೂದಿಲ್ಲ. ಚಾಚಿ ಕುಂಡ್ರತೇನಿ."

"ಚಾಚಿದ್ರ ಕಾಲ ಎಲ್ಲಿ ಬರತೈತಿ ನೋಡು. ಹಿರಿಯಾಕಿ ಕಡೆ ಕಾಲ ಮಾಡ್ತೀಯೇನು?"

ಅದು ಅವಳಿಗೂ ಗೊತ್ತಿತ್ತು. ಎದುರಿಗೆ ಕೂತರೆ ಅಂಗಾಲು ನೇರ ದೊಡ್ಡವ್ವನ ಮಡಿಲಿಗೆ. ಸತ್ತವಳ ಕಡೆ ಅಂಗಾಲು ತೋರಿಸಿ ಕೂತವಳು ಎಂದು ಊರು ಹತ್ತು ವರ್ಷ ಮಾತಾಡುತ್ತದೆ. ಅವಳು ಗೋಡೆಯ ಕಡೆ ಕೈ ತೋರಿಸಿದಳು. ಬಾಯವ್ವನ ಮಗ್ಗಲಿಗೆ, ಅವಳ ಹಾಗೇ ಗೋಡೆಗೆ ಬೆನ್ನು ಕೊಟ್ಟು. ಹಾಗಾದರೆ ಅಂಗಾಲು ಬಂದ ಮಂದಿಯ ಕಡೆ, ದೊಡ್ಡವ್ವನ ಕಡೆ ಅಲ್ಲ. ಹೆಣಕ್ಕೆ ತಾಗಿ, ಹೆಣದಂತೆ, ಬಂದವರಿಗೆ ಎದುರಾಗಿ ಯಾರೂ ಕೂಡುವುದಿಲ್ಲ. ಅದು ಸತ್ತವರ ಜಾಗ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಗ್ಗಲು ಮನೆಯ ಸತ್ಯವ್ವ, ಬೆಳಿಗ್ಗೆ ಬಾಯವ್ವನ ಮೈ ತೊಳೆದವಳು, ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದಳು. ಕುಂಡ್ರಲಿ ಬಿಡ್ರಿ, ಆಕಿ ಕಾಲು ಆಕಿದು ಅಂದಳು.

ಸತ್ಯವ್ವ ಒಂದು ಕಡೆ, ಭಾಗೀರಥಿ ಒಂದು ಕಡೆ, ಕಂಕುಳಿಗೆ ಕೈ ಕೊಟ್ಟರು. ಬಲಗಾಲು ಮಡಚುತ್ತ ಮಡಚುತ್ತ, ಎಡಗಾಲು ಮುಂದಕ್ಕೆ ಜಾರುತ್ತ, ಅವಳು ಇಳಿದಳು. ಐದು ವಾರದ ಮೇಲೆ ನೆಲ ಹತ್ತಿರ ಬಂತು, ಮೊದಲು ಅದರ ತಂಪು, ಆಮೇಲೆ ವಾಸನೆ, ಕಲ್ಲಿನ ಸಂದಿಯಲ್ಲಿ ಅರಿಸಿನ. ಇನ್ನೇನು ತಳ ಊರಬೇಕು ಅನ್ನುವಾಗ ಭಾಗೀರಥಿಯ ಕೈ ಬೆವರಿಗೆ ಜಾರಿತು. ಭಾರ ಒಮ್ಮೆಲೇ ಎಡಕ್ಕೆ ಬಿತ್ತು. ಬೆಲ್ಟಿನೊಳಗೆ ಎಲ್ಲೋ ಆಳದಲ್ಲಿ ಸಣ್ಣಗೆ ಸಪ್ಪಳವಾಯಿತು. ನೋವಲ್ಲ. ಬೇರೆ ಯಾರಿಗೂ ಕೇಳದಷ್ಟು ಸಣ್ಣದು. ಅವಳು ಮನಸ್ಸಿನಲ್ಲೇ ಹಾಲಿನ ಪಾತ್ರೆಯೊಳಗೆ ನೋಡಿದಳು, ಕೆನೆ ಒಡೆದಿದೆಯೋ ಇಲ್ಲವೋ. ಕಾಣಲಿಲ್ಲ. ನಿಜಗುಣಪ್ಪ ಏನಾತು ಎಂದ. ಏನಿಲ್ಲ ಅಂದಳು. ಅವನು ಇನ್ನೂ ಸ್ವಲ್ಪ ಹೊತ್ತು ಅವಳ ಮುಖ ನೋಡಿ, ವಿಮಾನಕ್ಕೆ ಹಗ್ಗ ಸಾಲದಾಗಿದೆ ಎಂದು ಯಾರೋ ಕೂಗಿದ್ದಕ್ಕೆ ಹೊರಗೆ ಹೋದ.

ಈಗ ಇಬ್ಬರ ತಲೆಯೂ ಒಂದೇ ಎತ್ತರಕ್ಕೆ. ತೋಳಿಗೆ ತೋಳು ತಾಗಿತ್ತು, ದೊಡ್ಡವ್ವನ ತೋಳು ತಣ್ಣಗೆ, ಒದ್ದೆ ಮಣ್ಣಿನ ಗಡಿಗೆಯ ಹಾಗೆ. ಅವಳ ಮಡಚಿದ ಮೊಣಕಾಲು ಗುರುಬಸವ್ವನ ತೊಡೆಗೆ ಒತ್ತುತ್ತಿತ್ತು, ಕಟ್ಟಿಗೆಯಷ್ಟು ಗಟ್ಟಿ. ಸರಿದು ಕೂಡಲು ಆಗುವಂತಿರಲಿಲ್ಲ, ಸರಿಯಲೂ ಇಲ್ಲ. ಇಲ್ಲಿಂದ ಬಾಗಿಲು ಕಾಣುತ್ತಿತ್ತು, ಬಾಗಿಲಲ್ಲಿ ಬಗ್ಗಿ ಒಳಬರುವವರ ಮೊಣಕಾಲುಗಳು, ಸೀರೆಯ ಅಂಚುಗಳು, ಧೂಳು ಹಿಡಿದ ಹಿಮ್ಮಡಿಗಳು. ಹೆಂಗಸರು ಮತ್ತೆ ಹಾಡಿಗೆ ತೊಡಗಿದ್ದರು. ತಾಯಿಲ್ಲದ ಕೂಸಿಗೆ ತಾಯಾದೆಲ್ಲ ಎಂದು ಒಬ್ಬಳು ಎತ್ತಿದಳು. ಹಾಡು ಗುರುಬಸವ್ವನ ಕಡೆಗೆ ತಿರುಗಿತು. ಈಗ ಅವಳು ಅಳಬೇಕು, ಎಲ್ಲರ ಕಣ್ಣು ಅವಳ ಮೇಲೆ. ಅವಳಿಗೆ ಬಾಯವ್ವ ಏನು ಕೇಳಲು ಬಂದಿದ್ದಳು ಎಂಬುದೊಂದೇ ಯೋಚನೆ. ಅದು ತಿಳಿಯದೆ ಹೇಗೆ ಅಳುವುದು. ಕಲ್ಲೆದೆ ಎಂದುಕೊಂಡಿರಬೇಕು, ಹಾಡಿದವಳು ಬೇರೆ ಸೊಲ್ಲು ಹಿಡಿದಳು.

ಮೂರು ಗಂಟೆಗೆ ಭಜನೆಯವರು ಬಂದರು, ನಾಲ್ಕು ಜನ ಗಂಡಸರು ಒಳಗೆ ಬಂದು ಮೊಳೆಯ ಬಟ್ಟೆ ಬಿಚ್ಚಿದರು. ಸರಕೊಳ್ರಿ, ಸರಕೊಳ್ರಿ ಎಂದರು. ಎಲ್ಲರೂ ಎದ್ದರು, ಗುರುಬಸವ್ವ ಒಬ್ಬಳನ್ನು ಬಿಟ್ಟು. ಕೂತ ಭಂಗಿಯಲ್ಲೇ ಬಾಯವ್ವ ಮೇಲೆದ್ದಳು, ಮೊಣಕಾಲು ಮಡಚಿದಂತೆಯೇ, ಹೂವು ಉದುರಿಸುತ್ತ, ಅವಳ ತಲೆಯ ಮೇಲಿಂದ ಹಾದು ಬಾಗಿಲ ಹೊರಗೆ ಹೋದಳು. ಶಿವಲಿಂಗ ಅವ್ವಾ ಎಂದ ದನಿ, ತಾಳ, ಹಲಗೆ. ಅಗಸಿಯ ತನಕ, ಊರಬಾಗಿಲವರೆಗೆ, ಹೆಂಗಸರೂ ಹೋಗುವುದು ಆ ಊರ ರೂಢಿ. ಎಲ್ಲರೂ ಹೋದರು. ನಿಜಗುಣಪ್ಪ ವಿಮಾನಕ್ಕೆ ಹೆಗಲು ಕೊಟ್ಟಿರಬೇಕು. ಗುರುಬಸವ್ವನನ್ನು ಭಾಗೀರಥಿ ಎಬ್ಬಿಸಿರುತ್ತಾಳೆ ಎಂದು ಅವನು, ಅವನು ಎಬ್ಬಿಸಿರುತ್ತಾನೆ ಎಂದು ಭಾಗೀರಥಿ. ಹಲಗೆಯ ಸಪ್ಪಳ ಓಣಿ ದಾಟಿತು. ಖಾಲಿ ಪಡಸಾಲೆಯಲ್ಲಿ ಅವಳು, ಎದುರಿಗೆ ಅವಳ ಕಾಲು, ಕೈಗೆ ಸಿಗದಷ್ಟು ದೂರದಲ್ಲಿ ಗೋಡೆಗೆ ಒರಗಿಸಿದ ವಾಕರ್. ಏಳಲು ನೋಡಿದಳು. ಅಂಗೈ ಊರಿ ಒಂದು ಗೇಣು ಎದ್ದು ಮತ್ತೆ ಕೂತಳು. ಯಾರನ್ನಾದರೂ ಕೂಗಬಹುದಿತ್ತು, ಹೆಣ ಹೋಗುತ್ತಿರುವಾಗ ನನ್ನನ್ನು ಎಬ್ಬಿಸಿ ಎಂದು ಕೂಗುವುದು ಹೇಗೆ. ಬಾಯವ್ವ ಕೂತಿದ್ದ ಜಾಗದಲ್ಲಿ ಹೂವಿನ ನಡುವೆ ದುಂಡಗೆ ಬರಿ ಕಲ್ಲು ಉಳಿದಿತ್ತು. ಅವಳು ಅದರ ಮೇಲೆ ಕೈ ಇಟ್ಟಳು.

"ಅವತ್ತ ನಂಗ ಕಾಲ ನೂಸತಿದ್ದಿಲ್ಲ ದೊಡವ್ವಾ" ಅಂದಳು. ಅವಳ ದನಿ ಅವಳಿಗೇ ಹೊಸದೆನ್ನಿಸಿತು. ಇಡೀ ದಿನ ಒಂದೂ ನಿಜ ಆಡದ ಬಾಯಿ. "ಇಳಿಬಹುದಿತ್ತು. ಒಳಗ ಮಂಚನೂ ಇತ್ತ."

"ಯಾರ ಜೋಡಿ ಮಾತಾಡಾಕತ್ತಿ?"

ಸತ್ಯವ್ವ. ಸೊಂಟದಲ್ಲಿ ತುಂಬಿದ ಕೊಡ, ಕೈಯಲ್ಲಿ ಕಸಬರಿಗೆ. ಹೆಣ ಹೋದ ಮೇಲೆ ಮನೆ ತೊಳೆಯಬೇಕು, ಅಗಸಿಯಿಂದ ಹೆಂಗಸರು ತಿರುಗುವುದರೊಳಗೆ. ಅದಕ್ಕೆ ಅವಳು ಹಿಂದೆ ಉಳಿದಿದ್ದಳು. ಗುರುಬಸವ್ವ ಕಲ್ಲಿನ ಮೇಲಿಂದ ಕೈ ತೆಗೆದಳು. ಸತ್ಯವ್ವ ಕೊಡ ಇಳಿಸಿ, ಒಬ್ಬಳೇ ಎಬ್ಬಿಸಲು ಆಗುತ್ತದೋ ಇಲ್ಲವೋ ಎಂದು ಅವಳನ್ನು ಅಳೆದು, ಆಗುವುದಿಲ್ಲ ಎಂದು ತಲೆಯಾಡಿಸಿ, ಹೂವು ಗುಡಿಸತೊಡಗಿದಳು. ಗುಡಿಸುತ್ತಲೇ ಹೇಳಿದಳು.

"ಆಕಿ ನಿಮ್ಮೂರಿಗೆ ಬಂದಿದ್ದು ನಿನ್ನ ನೋಡಾಕ ಅಷ್ಟ ಅಲ್ಲ. ನಿನ್ನ ಡಾಕ್ಟರ್ ಮುದುಕರ ಮೊಣಕಾಲನೂ ನೋಡತಾನೇನಂತ ಕೇಳಾಕ ಬಂದಿದ್ಲು. ಎರಡ ವರ್ಷ ಆಗಿತ್ತ, ಕಾಲ ಮಡಚಾಕ ಬರತಿದ್ದಿಲ್ಲ ಆಕಿಗಿ. ಮಗಗ ಹೇಳಿದ್ದಿಲ್ಲ. ನಾ ಒಬ್ಬಾಕಿಗೆ ಗೊತ್ತ."

"ನಮ್ಮನ್ಯಾಗ ನೆಲದ ಮ್ಯಾಲ ಕುಂತಿದ್ಲಲ್ಲ."

"ಕುಂತಿರಬೇಕು. ಆಕೀನ ಆಪರೇಷನ್ ಆಗಿ ಕುಂತಾಳ, ಆಕಿ ಮುಂದ ನನ್ನ ಕಾಲೂ ನೂಸತೈತಿ ಅಂತ ಹ್ಯಾಂಗ ಅನ್ನೂದು ಅಂದ್ಲು ತಿರಗಿ ಬಂದು. ಆಕಿದ ಮೊದ್ಲ ವಾಸಿ ಆಗಲಿ ಅಂದ್ಲು."

ಕಸಬರಿಗೆ ಗುರುಬಸವ್ವನ ಹಿಮ್ಮಡಿಯ ತನಕ ಬಂದು, ಸುತ್ತಿ, ಆ ಕಡೆ ಹೋಯಿತು. ಗುರುಬಸವ್ವ ಗೋಡೆಯನ್ನು ನೋಡಿದಳು, ಎರಡು ಅಂಗೈ ಊರುವಷ್ಟು ಎತ್ತರದಲ್ಲಿ.

"ಮುಂಜಾನೆ ಕುಂಡ್ರಸಾಕ ನಾಕ ಮಂದಿ ಹತ್ತಿದ್ವಿ" ಎಂದಳು ಸತ್ಯವ್ವ, ಗಡಿಗೆ ಮಡಕೆಯ ಮಾತಾಡುವ ಹಾಗೆ. "ಮೈ ಬಿರುಸಾಗಿತ್ತ, ಮ್ಯಾಲ ಆ ಕಾಲು. ಬಿಸಿನೀರ ಹಾಕಿ ಹಾಕಿ ತಿಕ್ಕೀವಿ. ಒಂದು ಬಂತು. ಇನ್ನೊಂದು ಬರಲೇ ಇಲ್ಲ. ಕಡೀಕ ಒತ್ತೇ ಮಡಚಿದ್ವಿ. ಸಪ್ಪಳಾತು."

"ಯಾವ ಕಾಲ?"

ಸತ್ಯವ್ವ ಕಸಬರಿಗೆ ನಿಲ್ಲಿಸಿ, ಬಾಯವ್ವ ಕೂತಿದ್ದ ಜಾಗವನ್ನು ನೋಡಿ, ಮನಸ್ಸಿನಲ್ಲೇ ಅವಳನ್ನು ಮತ್ತೆ ಕೂರಿಸಿದಳು.

"ನಿನ್ನ ಕಡಿದು" ಅಂದಳು. "ನೀ ಕುಂತ ಕಡಿದು."

ಗುರುಬಸವ್ವನ ತೊಡೆಯಲ್ಲಿ, ಕಟ್ಟಿಗೆಯಂಥ ಮೊಣಕಾಲು ಒಂದು ತಾಸು ಒತ್ತಿದ ಕಡೆ, ಇನ್ನೂ ತಗ್ಗು ಉಳಿದ ಹಾಗಿತ್ತು. ಅವಳು ಅಲ್ಲಿ ಕೈ ಇಟ್ಟುಕೊಂಡಳು. ಸತ್ಯವ್ವ ಕೊಡ ಎತ್ತಿ, ಸೀರಿ ತೊಯ್ಯತೈತಿ, ಅವರು ಬರೂತನಾ ತಡಿಲೇನು ಎಂದು ಕೇಳಿದಳು.

"ಹಾಕು" ಅಂದಳು ಗುರುಬಸವ್ವ.

ನೀರು ಗೋಡೆಯ ಬುಡದಿಂದ ಹರಿದು, ದುಂಡಗಿನ ಬರಿಗಲ್ಲಿನ ಮೇಲಿಂದ ವಿಭೂತಿಯನ್ನು ಎತ್ತಿಕೊಂಡು, ಅವಳ ಸೊಂಟಕ್ಕೆ ತಾಗಿ, ಸೀರೆಯೊಳಗೆ ಇಳಿದು, ಬೆಲ್ಟಿನ ಕೆಳಗೆ ನುಗ್ಗಿ ಹಿಮ್ಮಡಿಯ ಹತ್ತಿರ ಹೊರಬಂತು. ತಣ್ಣಗಿತ್ತು. ಅಗಸಿಯಿಂದ ತಿರುಗಿದ ಹೆಂಗಸರ ದನಿ ಓಣಿಯಲ್ಲಿ ಕೇಳುತ್ತಿತ್ತು, ಆಗಲೇ ಬೇರೆ ಮಾತು, ಯಾರದೋ ಎಮ್ಮೆ ಈದ ಮಾತು. ಸತ್ಯವ್ವ ಎರಡನೆಯ ಕೊಡಕ್ಕೆ ಹಿತ್ತಲಿಗೆ ಹೋದಳು. ಗುರುಬಸವ್ವ ಒದ್ದೆಯಲ್ಲಿ ಕೂತಳು, ಅವರು ಬಂದು ಎಬ್ಬಿಸುವ ತನಕ.